ಒಂದು ದಿನದ ಮ್ಯಾನೇಜರ್

ನನ್ನನ್ನು ಮ್ಯಾನೇಜರ್ ಮಾಡಿದ್ದು ಒಂದೇ ಒಂದು ದಿನದ ಮಟ್ಟಿಗೆ. ಬೆಳಿಗ್ಗೆ ಎಂಟಕ್ಕೆ ಆಗುವುದು, ಸಂಜೆ ಐದಕ್ಕೆ ಇಳಿಯುವುದು ಎಂದು ಧಣಿಗಳು ಮೊದಲೇ ಸ್ಪಷ್ಟವಾಗಿ ಹೇಳಿದ್ದರು. ಆಮೇಲೆ ಆದದ್ದಕ್ಕೆ ಅವರನ್ನು ದೂರುವಂತಿಲ್ಲ.

ನಾನು ಕೆಲಸ ಮಾಡುವುದು ಕಾರ್ಕಳದಿಂದ ಸ್ವಲ್ಪ ಆಚೆ ಇರುವ ಒಂದು ಗೇರುಬೀಜದ ಕಾರ್ಖಾನೆಯಲ್ಲಿ. ಅಲ್ಲಿ ಹೆಂಗಸರು ಎಂಬತ್ತರ ಹತ್ತಿರ, ಗಂಡಸರು ಎಂಟು ಹತ್ತು ಮಂದಿ. ಬೀಜ ಬೇಯಿಸುವುದು, ಲಾರಿಗೆ ತುಂಬಿಸುವುದು, ಗೇಟು ಕಾಯುವುದು ಗಂಡಸರ ಕೆಲಸ. ಸಿಪ್ಪೆ ತೆಗೆಯುವುದು, ಇಡೀ ಬೀಜ ಯಾವುದು, ಹೋಳು ಯಾವುದು, ತುಂಡು ಯಾವುದು ಎಂದು ಗಾತ್ರ ಮತ್ತು ಬಣ್ಣ ನೋಡಿ ಬೇರೆ ಮಾಡುವುದು ಹೆಂಗಸರ ಕೆಲಸ. ಇದಕ್ಕೆ ಗ್ರೇಡಿಂಗ್ ಎನ್ನುತ್ತಾರೆ. ಎಲ್ಲರ ಮೇಲೆ ಒಬ್ಬರು ರೈಟರು. ಕಾರ್ಖಾನೆಯ ಉಸ್ತುವಾರಿ ನೋಡಿಕೊಂಡು ಪುಸ್ತಕ ಬರೆಯುವವರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ.

ನಾನು ಹನ್ನೊಂದು ವರ್ಷ ಗ್ರೇಡಿಂಗ್ ಟೇಬಲಿನಲ್ಲಿದ್ದೆ. ಒಂದು ಮುಷ್ಟಿ ಬೀಜ ಕೈಗೆ ಹಾಕಿದರೆ ಅದು ಯಾವ ಗ್ರೇಡಿಗೆ ಹೋಗಬೇಕು, ತೇವ ಎಷ್ಟಿದೆ, ಇನ್ನೊಂದು ದಿನ ಒಣಗಬೇಕೋ ಬೇಡವೋ ಎಂದು ಹೇಳುತ್ತಿದ್ದೆ. ರೈಟರು ದಿನಕ್ಕೆ ನಾಲ್ಕು ಸಲ ನನ್ನ ಟೇಬಲಿನ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ಬಗ್ಗಿ, "ಅಕ್ಕ, ಇದು ಯಾವುದು?" ಎನ್ನುವರು. ನಾನು ಹೇಳುವೆ. ಅವರು ನೆಟ್ಟಗೆ ನಿಂತು, ಧಣಿಗಳ ಕೋಣೆಗೆ ಹೋಗಿ, ಅದನ್ನೇ ಗಟ್ಟಿ ದನಿಯಲ್ಲಿ ಹೇಳುವರು. ಒಮ್ಮೆ ನಾನು ಧಣಿಗಳ ಹತ್ತಿರ, ಗ್ರೇಡಿಂಗಿನ ಉಸ್ತುವಾರಿಯನ್ನು ನನಗೇ ಕೊಡಬಹುದಲ್ಲ ಎಂದು ಕೇಳಿದ್ದೆ. ಅವರು ಪ್ರೀತಿಯಿಂದಲೇ, "ನಿನಗೆ ಯಾಕಮ್ಮ ಆ ತಲೆಬಿಸಿ?" ಎಂದಿದ್ದರು. ತಲೆಬಿಸಿ ಈಗಾಗಲೇ ನನ್ನದೇ, ಕುರ್ಚಿ ಮಾತ್ರ ರೈಟರದು ಎಂದು ಹೇಳಬೇಕೆಂದು ಮನೆಗೆ ಹೋಗುವ ಬಸ್ಸಿನಲ್ಲಿ ಹೊಳೆಯಿತು. ನನಗೆ ಒಳ್ಳೆಯ ಉತ್ತರಗಳು ಹೊಳೆಯುವುದು ಬಸ್ಸಿನಲ್ಲೇ.

ನಾನು ಹುಟ್ಟಿ ಬೆಳೆದದ್ದು ಉಚ್ಚಿಲದಲ್ಲಿ. ಅಪ್ಪ ಕಡಲಿಗೆ ಹೋಗುವವರು, ಅಮ್ಮ ಕಾಪುವಿನ ಮಾರ್ಕೆಟಿನಲ್ಲಿ ಮೀನು ಮಾರುವವಳು. ದೋಣಿ ದಡಕ್ಕೆ ಬರುವವರೆಗೆ ಮೀನು ಗಂಡಸರದು, ಬಂದ ಮೇಲೆ ಹೆಂಗಸರದು. ಏಲಂ ಕೂಗುವಲ್ಲಿ ಅಮ್ಮನ ದನಿ ಏರಿದರೆ ದೊಡ್ಡ ಮೀಸೆಯ ವ್ಯಾಪಾರಿಗಳೂ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಹಾಗಾಗಿ ವ್ಯವಹಾರ ಎಂದರೆ ಹೆಂಗಸರ ಕೆಲಸ ಎಂದೇ ನಾನು ತಿಳಿದಿದ್ದೆ. ಅಲ್ಲ ಎಂದು ಗೊತ್ತಾದದ್ದು ಮದುವೆಯಾಗಿ ಕಾರ್ಕಳಕ್ಕೆ ಬಂದು ಈ ಕಾರ್ಖಾನೆಗೆ ಸೇರಿದ ಮೇಲೆ.

ಎರಡು ವರ್ಷದ ಹಿಂದೆ, ಮಳೆಗಾಲ ಮುಗಿದ ಸಮಯ. ಹೊರದೇಶದ ಒಬ್ಬ ದೊಡ್ಡ ಗಿರಾಕಿ ನಮ್ಮ ಬೀಜ ತೆಗೆದುಕೊಳ್ಳುತ್ತೇನೆಂದು ಬರೆದ. ಅದಕ್ಕೊಂದು ಷರತ್ತು: ಕಾರ್ಖಾನೆಯಲ್ಲಿ ಹೆಣ್ಣು ಗಂಡು ಸಮಾನವಾಗಿದ್ದಾರೋ, ಹೆಂಗಸರಿಗೆ ಕೆಲಸದಲ್ಲಿ ತೃಪ್ತಿ ಇದೆಯೋ ಎಂದು ನೋಡಲು ಬೆಂಗಳೂರಿನಿಂದ ಜನ ಬರುತ್ತಾರೆ. ಉಡುಪಿಯ ಮನೆಯಿಂದ ಧಣಿಗಳು ಅವತ್ತು ಒಂದು ಗಂಟೆ ಮೊದಲೇ ಬಂದರು. ರೈಟರನ್ನೂ ನನ್ನನ್ನೂ ಕರೆದರು.

"ಸಮಾನತೆ ಉಂಟಾ ಅಂತ ನೋಡ್ಲಿಕ್ಕೆ ಬರ್ತಾರಂತೆ. ಗುರುವಾರ."

ರೈಟರು ಗಾಬರಿಯಿಂದ, "ಗುರುವಾರದ ಒಳಗೆ ಎಲ್ಲಿಂದ ತರುವುದು ಧಣಿ ಅದನ್ನು?" ಎಂದರು.

ಧಣಿಗಳು ಒಂದು ಕಾಗದ ಬಿಡಿಸಿದರು. ಮೇಲಿನ ಹುದ್ದೆಯಲ್ಲಿ ಮಹಿಳೆ ಇದ್ದಾರೆಯೇ ಎಂಬುದು ಮೊದಲ ಪ್ರಶ್ನೆ. ಅವರು ಕಾಗದದ ಮೇಲಿಂದ ನನ್ನನ್ನು ನೋಡಿದರು. ನಾನು ಪಿಯುಸಿ ಓದಿದ್ದೇನೆ, ಕನ್ನಡ ತಡವರಿಸದೆ ಮಾತನಾಡುತ್ತೇನೆ.

"ಗುರುವಾರ ಒಂದು ದಿನ ನೀನು ಮ್ಯಾನೇಜರ್."

"ಶುಕ್ರವಾರ ಧಣಿ?"

"ಶುಕ್ರವಾರ ಗ್ರೇಡಿಂಗಿಗೆ ಹೋಗು. ನಿನ್ನ ಟೇಬಲನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ."

ಮುಂದಿನ ಮೂರು ದಿನ ನಮ್ಮ ಕಾರ್ಖಾನೆಗೆ ಸಮಾನತೆ ಲಾರಿಯಲ್ಲಿ ಬಂದಿಳಿಯಿತು. ಹೆಂಗಸರ ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕಿತ್ತು. ಅದಕ್ಕೆ ಹೊಸ ಚಿಲಕ, ಹೊಸ ಬಲ್ಬು, ಒಂದು ಕನ್ನಡಿಯೂ ಬಂತು. ಗ್ರೇಡಿಂಗಿನಲ್ಲಿ ನನ್ನ ಪಕ್ಕ ಕೂರುವ ಹಿರಿಯಳು ಒಬ್ಬ ಕ್ರಿಶ್ಚಿಯನ್ ಹೆಂಗಸು, ನಮಗೆಲ್ಲ ಬಾಯಮ್ಮ. ಆಕೆ ಚಿಲಕವನ್ನು ಮೂರು ಸಲ ಹಾಕಿ ತೆಗೆದು ಪರೀಕ್ಷಿಸಿದಳು.

"ಎಷ್ಟು ವರ್ಷದಿಂದ ಹೇಳಿದ್ದು ನಾವು! ಯಾರೋ ನೋಡ್ಲಿಕ್ಕೆ ಬರ್ತಾರೆ ಅಂದ ಕೂಡ್ಲೇ ಅರ್ಧ ದಿನದಲ್ಲಿ ಆಯ್ತು ನೋಡು. ತಿಂಗಳಿಗೊಮ್ಮೆ ಬರ್ಲಿ ಅವರು."

ಮಕ್ಕಳ ಕೋಣೆ ಬೇಕೆಂದು ಕಾಗದದಲ್ಲಿತ್ತು. ಗೋಣಿ ಇಡುವ ಕೋಣೆಯನ್ನು ಗುಡಿಸಿ, ಗೋಡೆಗೆ ಆನೆ, ಮೊಲದ ಚಿತ್ರ ಅಂಟಿಸಿ, ಬಾಡಿಗೆಗೆ ಒಂದು ತೊಟ್ಟಿಲು ತಂದರು. ಆಮೇಲೆ ನೆನಪಾಯಿತು, ನಮ್ಮಲ್ಲಿ ಮಕ್ಕಳಿಲ್ಲ. ನಮ್ಮ ಹೆಂಗಸರಲ್ಲಿ ಹೆಚ್ಚಿನವರು ನಲವತ್ತು ದಾಟಿದವರು. ಕೊನೆಗೆ ಬಾಯಮ್ಮನ ನಾಲ್ಕು ವರ್ಷದ ಮೊಮ್ಮಗಳನ್ನು, ಐಸ್‌ಕ್ರೀಮ್ ಕೊಡಿಸುವ ಮಾತಿನ ಮೇಲೆ, ಗುರುವಾರದ ಮಟ್ಟಿಗೆ ಒಪ್ಪಿಸಲಾಯಿತು.

ರೈಟರ ಕೋಣೆ ನನ್ನದಾಯಿತು. ಮಣಿಪಾಲದಿಂದ ಒಂದು ಬೋರ್ಡು ಮಾಡಿಸಿಕೊಂಡು ಬಂದರು. ಅದರಲ್ಲಿ 'ಮಹಿಳಾ ಮ್ಯಾನೇಜರ್' ಎಂದಿತ್ತು. ಬರೇ ಮ್ಯಾನೇಜರ್ ಅಂದರೆ ಸಾಕಿತ್ತು, ಮಹಿಳೆ ಎನ್ನುವುದು ನೋಡಿದರೆ ಗೊತ್ತಾಗುತ್ತದೆ ಎಂದೆ. ರೈಟರು, "ಗೊತ್ತಾಗದಿದ್ದರೆ ಅಂತ ಹಾಕಿಸಿದ್ದು ಅಕ್ಕ" ಎಂದರು. ಮೊಳೆ ಹೊಡೆದರೆ ಬಾಗಿಲು ಸೀಳುತ್ತದೆಂದು ಎಂಥದೋ ಗಟ್ಟಿ ಗಮ್ ಹಚ್ಚಿ ಬೋರ್ಡು ಅಂಟಿಸಿದರು.

ಕೊನೆಯದು ತೃಪ್ತಿ. ಬುಧವಾರ ಮಧ್ಯಾಹ್ನ ರೈಟರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬಾಯಿಪಾಠ ಮಾಡಿಸಿದರು. ಕೆಲಸದಲ್ಲಿ ತೃಪ್ತಿ ಉಂಟಾ ಎಂದು ಕೇಳಿದರೆ, ತುಂಬ ತೃಪ್ತಿ ಉಂಟು ಎನ್ನಬೇಕು. ಮನೆಯಲ್ಲಿ ತುಳು, ಕೊಂಕಣಿ ಮಾತನಾಡುವ ಬಾಯಿಗಳಲ್ಲಿ ಆ ಶಬ್ದ ಸರಿಯಾಗಿ ಕೂರಲಿಲ್ಲ. ಮೊದಲು ತಿರ್ಪ್ತಿ ಆಯಿತು, ಆಮೇಲೆ ತಿರುಪ್ತಿ. ಸಂಜೆ ಕೈ ತೊಳೆದು ಹೊರಡುವ ಹೊತ್ತಿಗೆ ಅರ್ಧ ವಿಭಾಗ "ತುಂಬ ತಿರುಪತಿ ಉಂಟು" ಎನ್ನುತ್ತಿತ್ತು.

ಮನೆಯಲ್ಲಿ ನನ್ನ ಗಂಡ ನನ್ನ ಸೀರೆಗೆ ತಾನೇ ಇಸ್ತ್ರಿ ಹಾಕಿದರು. ಅವರು ವಯರಿಂಗ್ ಕೆಲಸದವರು. ಬಿಸಿಯಾಗುವ ಯಾವ ಯಂತ್ರವನ್ನೂ ನನ್ನ ಕೈಗೆ ಬಿಡುವುದಿಲ್ಲ. "ಮ್ಯಾನೇಜರ್ ಮೇಡಂ, ಚಾ ಸಿಗಬಹುದಾ?" ಎಂದು ಒಂದೇ ಸಂಜೆಯಲ್ಲಿ ಐದಾರು ಸಲ ಕೇಳಿದರು. ಅಮ್ಮನಿಗೆ ಫೋನ್ ಮಾಡಿ ವಿಷಯ ಹೇಳಿದೆ.

"ಒಂದೇ ದಿನಕ್ಕಾ? ಐಸ್ ಹಾಕಿದರೆ ಬಂಗುಡೆ ಸಹ ಎರಡು ದಿನ ಇರ್ತದಲ್ಲ ಮಗಾ."

ನನಗೆ ನಗು ಬಂತು. ಫೋನ್ ಇಟ್ಟ ಮೇಲೆ ನಗು ನಿಂತಿತು.

ಗುರುವಾರ ಬಂದವಳು ಒಬ್ಬಳೇ ಹುಡುಗಿ. ಬೆನ್ನಿಗೊಂದು ಚೀಲ, ಕಾಲಿಗೆ ಕ್ಯಾನ್ವಾಸ್ ಶೂ. ಹಿಂದಿನ ರಾತ್ರಿ ಮಣಿಪಾಲದ ಹೋಟೆಲಿನಲ್ಲಿ ಉಳಿದಿದ್ದಳಂತೆ. ಕೋಟು ಹಾಕಿದ ಮೂರು ನಾಲ್ಕು ಗಂಡಸರು ಬರುತ್ತಾರೆಂದು ಹೂಗುಚ್ಛ ಹಿಡಿದು ನಿಂತಿದ್ದ ಧಣಿಗಳು ಅವಳ ಹಿಂದೆ ಮತ್ತೆ ಯಾರಾದರೂ ಇಳಿಯುತ್ತಾರೋ ಎಂದು ಕಾರಿನೊಳಗೆ ಇಣುಕಿ ನೋಡಿದರು. ಡ್ರೈವರ್ ಮಾತ್ರ ಇದ್ದ.

ಮೊದಲು ಅವಳು ಮಕ್ಕಳ ಕೋಣೆ ನೋಡಿದಳು. ಮೊಮ್ಮಗಳು ತೊಟ್ಟಿಲಿನಲ್ಲಿ, ಕಾಲುಗಳನ್ನು ಹೊರಗೆ ಚಾಚಿ, ಕಷ್ಟದಲ್ಲಿ ಕೂತಿದ್ದಳು. "ಪುಟ್ಟಿ, ದಿನಾ ಇಲ್ಲಿಗೆ ಬರ್ತೀಯಾ?" ಎಂದು ಕೇಳಿದಳು ಬೆಂಗಳೂರಿನವಳು. ಮಗು ಉತ್ತರ ಕೊಡದೆ ರೈಟರ ಕಡೆ ತಿರುಗಿ, "ಐಸ್‌ಕ್ರೀಮ್ ಈಗ್ಲಾ, ಇವರು ಹೋದ ಮೇಲಾ?" ಎಂದಿತು.

ಹುಡುಗಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ ನನ್ನ ಕೋಣೆಗೆ ಬಂದು, ಹಿಂದೆಯೇ ಬಂದ ಧಣಿಗಳಿಗೂ ರೈಟರಿಗೂ ವಿನಯದಿಂದ, "ಸರ್, ಇನ್ನು ನಾನು ಇವರ ಜೊತೆ ಮಾತ್ರ ಮಾತಾಡಬೇಕು" ಎಂದಳು. ಅವರು ಹೊರಗೆ ಹೋಗಿ ಕಿಟಕಿಯ ಹತ್ತಿರ ನಿಂತರು. ಇದು ಯಾರ ಲೆಕ್ಕದಲ್ಲೂ ಇರಲಿಲ್ಲ. ನನಗೆ ಬಾಯಿಪಾಠ ಮಾಡಿಸಿದವರು ಯಾರೂ ಇಲ್ಲ. ಮ್ಯಾನೇಜರ್ ಅಲ್ಲವೆ, ಗೊತ್ತಿರುತ್ತದೆ ಎಂದುಕೊಂಡಿದ್ದರೇನೋ.

"ನಿಮ್ಮ ಕೆಲಸ ಏನೇನು ಮೇಡಂ? ನಿಧಾನಕ್ಕೆ ಹೇಳಿ."

ನಾನು ಶುರು ಮಾಡಿದೆ. ಬೆಳಿಗ್ಗೆ ಬಂದು ಹಿಂದಿನ ದಿನದ ಬೀಜದ ತೇವ ನೋಡುತ್ತೇನೆ. ಯಾರು ಬಂದಿಲ್ಲ, ಅವರ ಜಾಗಕ್ಕೆ ಯಾರನ್ನು ಕೂರಿಸಬೇಕು ಎಂದು ನೋಡುತ್ತೇನೆ. ಕಣ್ಣು ಮಂಜಾದವರನ್ನು ಬೆಳಕಿನ ಕಡೆಗೆ ಹಾಕುತ್ತೇನೆ. ಜಗಳ ಮಾಡಿಕೊಂಡ ನಾದಿನಿ ಅತ್ತಿಗೆಯನ್ನು ಬೇರೆ ಬೇರೆ ಟೇಬಲಿಗೆ ಹಾಕುತ್ತೇನೆ. ಹೊಸಬರಿಗೆ ಕಲಿಸುತ್ತೇನೆ. ಡಬ್ಬಿಗೆ ಹೋಗುವ ಮೊದಲು ಎಲ್ಲ ಗ್ರೇಡನ್ನೂ ಒಮ್ಮೆ ಕೈಯಾಡಿಸಿ ನೋಡುತ್ತೇನೆ. ಹೇಳುತ್ತಾ ಹೋದ ಹಾಗೆ ನನ್ನ ದನಿ ನನಗೇ ಬೇರೆಯಾಗಿ ಕೇಳತೊಡಗಿತು. ಇದರಲ್ಲಿ ಒಂದೂ ಸುಳ್ಳಿರಲಿಲ್ಲ. ವರ್ಷಗಟ್ಟಲೆ ನಾನು ಮಾಡಿಕೊಂಡು ಬಂದದ್ದೇ.

"ಹಾಗಾದ್ರೆ ಆ ರೈಟರ್ ಏನು ಮಾಡ್ತಾರೆ?"

"ಬರೀತಾರೆ."

ಕಿಟಕಿಯ ಹೊರಗೆ ಯಾರೋ ಕೆಮ್ಮಿದರು.

ಆಮೇಲೆ ಹೆಂಗಸರನ್ನು ಒಬ್ಬೊಬ್ಬರಾಗಿ ಕರೆದಳು. ಕನ್ನಡ ಸರಿಯಾಗಿ ಬಾರದವರಿಗೆ ನಾನೇ ದುಭಾಷಿ. ಮೊದಲು ಬಂದವಳು ಕುರ್ಚಿಯ ತುದಿಯಲ್ಲಿ ಕೂತು, ಪ್ರಶ್ನೆ ಬರುವ ಮೊದಲೇ, "ತುಂಬ ತಿರುಪತಿ ಉಂಟು" ಎಂದಳು. ಎರಡನೆಯವಳೂ ಹಾಗೆಯೇ. ಮೂರನೆಯವಳನ್ನು ಮಧ್ಯಾಹ್ನ ಊಟಕ್ಕೆ ಎಷ್ಟು ಹೊತ್ತು ಬಿಡುತ್ತಾರೆ ಎಂದು ಕೇಳಿದರೆ ಅವಳೂ "ತಿರುಪತಿ" ಎಂದಳು. ಹುಡುಗಿ ಪೆನ್ನು ನಿಲ್ಲಿಸಿ, "ಕಂಪನಿಯಿಂದ ಎಲ್ಲರನ್ನೂ ತಿರುಪತಿಗೆ ಕರ್ಕೊಂಡು ಹೋಗ್ತಾರಾ?" ಎಂದು ನನ್ನನ್ನು ಕೇಳಿದಳು. ನಾನು ಸೀರೆಯ ಸೆರಗು ಬಾಯಿಗೆ ಅಡ್ಡ ಹಿಡಿದು, ಕೆಮ್ಮು ಬಂದವಳ ಹಾಗೆ ಮಾಡಿದೆ.

ನಾಲ್ಕನೆಯವಳು ಬಾಯಮ್ಮ. ಏನಾದರೂ ದೂರು ಇದೆಯೇ ಎಂದು ಹುಡುಗಿ ಕೇಳಿದಳು. ಬಾಯಮ್ಮ ಆರಾಮವಾಗಿ ಒರಗಿ ಕೂತು ತುಳುವಿನಲ್ಲಿ ಹೇಳತೊಡಗಿದಳು. ಗ್ರೇಡಿಂಗ್ ಟೇಬಲು ಎಷ್ಟು ಎತ್ತರವೆಂದರೆ ಸಂಜೆಗೆ ಭುಜ ತನ್ನದಲ್ಲ ಅನ್ನಿಸುತ್ತದೆ. ರೈಟರಿಗೆ ಇಷ್ಟು ವರ್ಷವಾದರೂ ಯಾರ ಹೆಸರೂ ಗೊತ್ತಿಲ್ಲ, "ಹೇ, ಮೂಲೆಯವಳು" ಎನ್ನುತ್ತಾರೆ. ಶೌಚಾಲಯಕ್ಕೆ ಚಿಲಕ ಬಂದದ್ದೇ ಎರಡು ದಿನದ ಹಿಂದೆ. ಗೋಣಿ ಎತ್ತುವವನಿಗಿಂತ ಬೀಜ ಆರಿಸುವವಳಿಗೆ ಯಾಕೆ ಕಡಿಮೆ ಸಂಬಳ, ಗೋಣಿ ಎತ್ತುವುದಕ್ಕೆ ಕಣ್ಣು ಬೇಕಾ? ತಾನು ಹೇಳಿದ್ದೆಂದು ಹೇಳಿದರೂ ಅಡ್ಡಿಯಿಲ್ಲ.

ಐದು ನಿಮಿಷ ಹೇಳಿದಳು. ಕಿಟಕಿಯ ಆಚೆ ಧಣಿಗಳು ಅಂಗೈ ಕೆಳಗೆ ಮಾಡಿ, ನಿಧಾನ, ನಿಧಾನ ಎಂಬ ಹಾಗೆ ತೋರಿಸುತ್ತಿದ್ದರು. ನಾನು ಹುಡುಗಿಯ ಕಡೆ ತಿರುಗಿದೆ.

"ತೃಪ್ತಿ ಉಂಟಂತೆ" ಎಂದೆ.

ಬಾಯಮ್ಮ ನನ್ನನ್ನು ನೋಡಿದಳು. ಅದುವರೆಗೆ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. ಹುಡುಗಿ ಪೆನ್ನಿನ ಮುಚ್ಚಳ ಹಾಕಿದಳು.

"ಅಕ್ಕ, ಎಂಕ್ ತುಳು ಬರ್ಪುಂಡು. ನಂಗೆ ತುಳು ಬರ್ತದೆ. ನನ್ನ ಅಮ್ಮ ಎರ್ಮಾಳಿನವರು."

ಎರ್ಮಾಳು ಎಂದರೆ ನಮ್ಮ ಉಚ್ಚಿಲದ ಪಕ್ಕದ ಊರು. ನೆಲ ಬಿರಿಯುತ್ತದೋ ಎಂದು ನೋಡಿದೆ. ಸಿಮೆಂಟಿನ ನೆಲ, ಗಟ್ಟಿಯಾಗಿಯೇ ಇತ್ತು. ಮ್ಯಾನೇಜರ್ ಕೆಲಸ ಹೋಗುತ್ತದೆ ಎಂಬ ಭಯ ನನಗಿರಲಿಲ್ಲ, ಅದು ಹೇಗೂ ಐದು ಗಂಟೆಗೆ ಹೋಗುವಂಥದ್ದು. ಹನ್ನೊಂದು ವರ್ಷ ಪಕ್ಕದಲ್ಲಿ ಕೂತವಳ ಮಾತನ್ನು ಅವಳ ಮುಂದೆಯೇ ನುಂಗಿದೆನಲ್ಲ, ಅದರ ನಾಚಿಕೆ. ಬಾಯಿಂದ ತಾನಾಗಿ ಬಂತು:

"ಕ್ಷಮಿಸಿ. ನಾನು ಮ್ಯಾನೇಜರ್ ಅಲ್ಲ. ಇವತ್ತೊಂದು ದಿನಕ್ಕೆ ಮಾಡಿದ್ದು."

"ಗೊತ್ತು" ಎಂದಳು ಅವಳು. "ಬಾಗಿಲಿನ ಬೋರ್ಡಿನ ಪ್ಲಾಸ್ಟಿಕ್ ಇನ್ನೂ ತೆಗ್ದಿಲ್ಲ."

ಬಾಯಮ್ಮ ಮೊದಲು ನಕ್ಕಳು. ಆಮೇಲೆ ಹುಡುಗಿ, ಆಮೇಲೆ ನಾನು. ನಗುವಿನ ಮಧ್ಯೆ ನನ್ನ ಕಣ್ಣಲ್ಲಿ ನೀರು ಬಂತು, ಯಾವುದಕ್ಕೆಂದು ಬಿಡಿಸಿ ಹೇಳಲಾರೆ. ಕೊನೆಯ ಮಾತುಗಳನ್ನು ಮೆಲ್ಲಗೆ ಆಡಿದ್ದರಿಂದ ಹೊರಗೆ ನಿಂತ ಇಬ್ಬರಿಗೆ ನಗು ಮಾತ್ರ ಕಾಣುತ್ತಿತ್ತು. ಎಲ್ಲ ಚೆನ್ನಾಗಿ ನಡೆಯುತ್ತಿದೆ ಎಂದುಕೊಂಡು ಧಣಿಗಳು ಚಾ ಕಳಿಸಿದರು.

ಸಂಜೆ ಅವಳು ಧಣಿಗಳಿಗೆ ಹೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆ. ಫೇಲ್ ಮಾಡುವುದಿಲ್ಲ. ಮೂರು ತಿಂಗಳು ಬಿಟ್ಟು, ಮೊದಲೇ ಹೇಳದೆ, ಮತ್ತೆ ಬರುತ್ತಾಳೆ. ಅಷ್ಟರಲ್ಲಿ ಟೇಬಲಿನ ಎತ್ತರ ಸರಿಯಾಗಬೇಕು, ಸಂಬಳದ ವಿಷಯವನ್ನು ಮತ್ತೆ ಕೂತು ನೋಡಬೇಕು, ಹೆಂಗಸರದೇ ಒಂದು ದೂರು ಸಮಿತಿ ಆಗಬೇಕು. ತೊಟ್ಟಿಲು ವಾಪಸು ಕೊಡಬಹುದು. "ಮತ್ತೆ ಮ್ಯಾನೇಜರ್ ಇವರೇ ಇರಬೇಕು ಸರ್. ಕೆಲಸ ಅವರಿಗೆ ಗೊತ್ತಿದೆ. ಬಂದಾಗ ಇವರ ನೇಮಕದ ಲೆಟರ್ ನೋಡ್ತೇನೆ."

ಶುಕ್ರವಾರ ನಾನು ಮಾತಿನಂತೆ ಗ್ರೇಡಿಂಗಿಗೆ ಹೋದೆ. ಧಣಿಗಳು ಎರಡು ದಿನ ನನ್ನ ಕಡೆ ನೋಡಲಿಲ್ಲ. ರೈಟರು ತಮ್ಮ ಕೋಣೆಗೆ ವಾಪಸಾಗಿ ಬೋರ್ಡು ಕೀಳಲು ಹೋದರು. ಚೂರಿ ಹಾಕಿ ಎಬ್ಬಿಸಿದರೆ ಬಾಗಿಲಿನ ಬಣ್ಣವೇ ಎದ್ದು ಬಂತು, ಬೋರ್ಡು ಅಲುಗಲಿಲ್ಲ. ಹಾಗಾಗಿ ಮೂರು ವಾರ ಒಬ್ಬ ಗಂಡಸು 'ಮಹಿಳಾ ಮ್ಯಾನೇಜರ್' ಎಂಬ ಬೋರ್ಡಿನ ಹಿಂದೆ ಕೂತು ಪುಸ್ತಕ ಬರೆದ. ಲಾರಿ ಡ್ರೈವರುಗಳು ಒಳಗೆ ಇಣುಕಿ, "ಮೇಡಂ ಇಲ್ವಾ?" ಎಂದು ಬೇಕೆಂದೇ ಕೇಳುತ್ತಿದ್ದರು.

ನಾಲ್ಕನೆಯ ವಾರ ಧಣಿಗಳು ಕರೆದರು. ರೈಟರೂ ಅಲ್ಲೇ ನಿಂತಿದ್ದರು.

"ಇಷ್ಟು ವರ್ಷ ನಿನಗೆ ಎಂತ ಕಡಿಮೆ ಮಾಡಿದ್ದೇನೆ ನಾನು, ಹೇಳು?" ಧಣಿಗಳ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ನನ್ನ ಮಗಳನ್ನು ಶಾಲೆಗೆ ಸೇರಿಸುವ ಹೊತ್ತಿಗೆ ಸಹಾಯ ಮಾಡಿದವರು ಅವರೇ.

"ಕಡಿಮೆ ಮಾಡಿದ್ದೀರಿ ಅಂತ ಅಲ್ಲ ಧಣಿ. ನಾನು ಮಾಡುವ ಕೆಲಸಕ್ಕೆ ಒಂದು ಹೆಸರು ಇರ್ಲಿಲ್ಲ. ಅದು ಬೇರೆಯವರ ಹೆಸರಲ್ಲಿ ಇತ್ತು."

ಈ ಸಲ ಉತ್ತರ ಬಸ್ಸು ಹತ್ತುವ ಮೊದಲೇ ಹೊಳೆದಿತ್ತು. ಧಣಿಗಳು ರೈಟರ ಕಡೆ ನೋಡಿದರು. ರೈಟರು ನನ್ನ ವಿರುದ್ಧ ಮಾತನಾಡುತ್ತಾರೆ ಎಂದು ನಾನು ಮೈ ಗಟ್ಟಿ ಮಾಡಿಕೊಂಡೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

"ಧಣಿ, ನನಗೆ ಮೊದಲಿಂದ್ಲೂ ಬೀಜ ನೋಡಿದರೆ ಎಂತದೂ ಗೊತ್ತಾಗುವುದಿಲ್ಲ. ಎಲ್ಲ ಒಂದೇ ಹಾಗೆ ಕಾಣ್ತದೆ. ಅಕ್ಕ ಒಂದು ದಿನ ರಜೆ ಮಾಡಿದರೆ ನಾನು ಕೋಣೆಯಿಂದ ಹೊರಗೇ ಬರುವುದಿಲ್ಲ. ಪುಸ್ತಕ ಮಾತ್ರ ಬರೆದುಕೊಂಡು ಇರ್ತೇನೆ ನಾನು, ದಮ್ಮಯ್ಯ."

ಇಷ್ಟು ವರ್ಷ ಬಗ್ಗಿ ಬಗ್ಗಿ ಕೇಳುತ್ತಿದ್ದ ಆ ಮನುಷ್ಯನೂ ತನ್ನ ಕುರ್ಚಿಯಲ್ಲಿ ಒಂದು ದಿನ ಸುಖವಾಗಿ ಕೂತಿರಲಿಲ್ಲ ಎಂದು ನನಗೆ ಆಗಲೇ ಗೊತ್ತಾದದ್ದು. ಅವರ ಮೇಲಿದ್ದ ನನ್ನ ಸಿಟ್ಟಿಗೆ ಇನ್ನು ನಿಲ್ಲಲು ಜಾಗವಿರಲಿಲ್ಲ, ಸ್ವಲ್ಪ ಬೇಸರವೇ ಆಯಿತು.

ಲೆಟರ್ ಬಂತು, ಸಂಬಳವೂ ಅದಕ್ಕೆ ತಕ್ಕ ಹಾಗಾಯಿತು. ಟೇಬಲಿನ ಕಾಲುಗಳನ್ನು ಗರಗಸದಿಂದ ಕೊಯ್ದರು. ಹೆಂಗಸರ ಸಂಬಳದ ಮಾತು ಒಂದು ಹಂತದವರೆಗೆ ಹೋಗಿ ನಿಂತಿದೆ. ಪ್ರತಿ ಸೋಮವಾರ ನಾನು ಅದನ್ನು ಧಣಿಗಳ ಮುಂದೆ ಇಡುತ್ತೇನೆ, ಅವರು ಚಾ ತರಿಸುತ್ತಾರೆ. ದೂರು ಸಮಿತಿಗೆ ಎಲ್ಲರೂ ಸೇರಿ ಬಾಯಮ್ಮನನ್ನು ಅಧ್ಯಕ್ಷೆ ಮಾಡಿದರು. ಒಂದು ತಗಡಿನ ಪೆಟ್ಟಿಗೆಯನ್ನು ಗೋಡೆಗೆ ತೂಗು ಹಾಕಲಾಯಿತು.

ಮೊದಲ ದೂರು ಬಿದ್ದದ್ದು ಎರಡನೆಯ ತಿಂಗಳಲ್ಲಿ, ನನ್ನ ಮೇಲೆಯೇ. ಅದಕ್ಕೆ ಒಂದು ವಾರ ಮೊದಲು ಬಾಯಮ್ಮ ತಂಗಿಯ ಮಗನ ರೋಸಿಗೆಂದು, ಅಂದರೆ ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರಕ್ಕೆಂದು, ಹೇಳದೆ ಎರಡು ದಿನ ರಜೆ ಹಾಕಿದ್ದಳು. ನಾನು ಮುಖ ಗಂಟು ಹಾಕಿಕೊಂಡು, ಹೀಗೆ ಹೇಳದೆ ಹೋದರೆ ಹೇಗೆ ಎಂದು ಕೇಳಿದ್ದೆ. ಅವಳು ನನ್ನೊಂದಿಗೆ ಮಾತು ಬಿಟ್ಟಿದ್ದಳು. ಏನಿದ್ದರೂ ರೈಟರ ಮೂಲಕ ಹೇಳಿ ಕಳಿಸುತ್ತಿದ್ದಳು. ರೈಟರು ಎರಡು ಟೇಬಲಿನ ನಡುವೆ ಓಡಾಡಿ ಸಣ್ಣಗಾಗಿದ್ದರು.

ಸಮಿತಿಯ ಮುಂದೆ ನನ್ನನ್ನು ನಿಲ್ಲಿಸಿದರು. ಅಧ್ಯಕ್ಷೆ ಬಾಯಮ್ಮ ಚೀಟಿಯನ್ನು ಬಿಡಿಸಿ ರೈಟರ ಕೈಗೆ ಕೊಟ್ಟಳು. ಅವಳಿಗೆ ಓದಲು ಬರೆಯಲು ಬಾರದು. ಚೀಟಿಯಲ್ಲಿದ್ದದ್ದು ರೈಟರದೇ ಅಕ್ಷರ. ಯಾರು ಬರೆಸಿದ್ದೆಂದು ಎಂಬತ್ತು ಹೆಂಗಸರಿಗೂ ಗೊತ್ತು. ರೈಟರು ತಾವು ಬರೆದದ್ದನ್ನೇ ಮೊದಲ ಸಲ ನೋಡುವವರ ಹಾಗೆ ಗಂಭೀರವಾಗಿ ಓದಿದರು:

"ಮ್ಯಾನೇಜರಮ್ಮ ಲೆಟರ್ ಬಂದ ದಿನದಿಂದ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಊಟ ಮಾಡುತ್ತಾರೆ. ಮೊದಲು ನಮ್ಮ ಜೊತೆ ಕೂರುತ್ತಿದ್ದರು."

ನಾನು ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದು ರಜೆಯ ವಿಷಯಕ್ಕೆ. ದೂರು ನಿಜವಾಗಿತ್ತು. ಮ್ಯಾನೇಜರ್ ಎಂದರೆ ಒಬ್ಬರೇ ಉಣ್ಣಬೇಕು ಎಂದು ನನಗೆ ಯಾರು ಹೇಳಿಕೊಟ್ಟಿದ್ದರೋ ಗೊತ್ತಿಲ್ಲ. ಆ ಕೋಣೆಯಲ್ಲಿ ಊಟಕ್ಕೆ ರುಚಿಯೂ ಇರಲಿಲ್ಲ.

ಬಾಯಮ್ಮ ಗಂಟಲು ಸರಿ ಮಾಡಿಕೊಂಡು, ಒಂದು ವಾರದ ಬಳಿಕ ಮೊದಲ ಬಾರಿಗೆ ನನ್ನ ಮುಖ ನೋಡಿ ತೀರ್ಪು ಹೇಳಿದಳು.

"ನಾಳೆಯಿಂದ ಹೊರಗೆ ಬಂದು ಊಟ ಮಾಡ್ಬೇಕು. ಕೆಲಸದ ಹೊತ್ತಲ್ಲಿ ಬೈಯುವುದಿದ್ದರೆ ಬೈ ಮಾರಾಯ್ತಿ, ಅದು ನಿನ್ನ ಕೆಲಸ. ಊಟದ ಹೊತ್ತಲ್ಲಿ ಮಾತ್ರ ಬೇಡ. ಮತ್ತೆ ಉಚ್ಚಿಲದಿಂದ ನಿನ್ನ ಅಮ್ಮ ಮೀನು ಕಳಿಸುವುದಿದ್ದರೆ ಹಿಂದಿನ ದಿನವೇ ಹೇಳ್ಬೇಕು, ನಾವು ಮನೆಯಿಂದ ಬರೇ ಅನ್ನ ತರ್ತೇವೆ."